ಹಿಚ್‌ಕಾಕ್ ಚಿತ್ರಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ?

ಪ್ರಶ್ನೆ: ಆಲ್‌ಫ್ರೆಡ್ ಹಿಚ್‌ಕಾಕ್ ಅವರ 'ಸೈಕೋ' ಮತ್ತು 'ವರ್ಟಿಗೋ' ಚಿತ್ರಗಳನ್ನು ಇತ್ತೀಚೆಗೆ ನೋಡಿದೆ. ಮೊದಲನೆಯದು ಕೊನೆಯವರೆಗೂ ಹಿಡಿದು ಕೂರಿಸಿತು. ಎರಡನೆಯದನ್ನು ಜಗತ್ತಿನ ಅತ್ಯುತ್ತಮ ಚಿತ್ರವೆಂದು ವಿಮರ್ಶಕರು ಆರಿಸಿದ್ದರು ಎಂದು ಕೇಳಿದ್ದೆ. ಆದರೆ ನನಗೆ ಅದು ನಿಧಾನವೆನಿಸಿತು, ಗುಟ್ಟನ್ನು ಅಷ್ಟು ಮುಂಚೆ ಏಕೆ ಬಿಟ್ಟುಕೊಟ್ಟರೋ ತಿಳಿಯಲಿಲ್ಲ. ಅವರ ಅತ್ಯುತ್ತಮ ಹತ್ತು ಚಿತ್ರಗಳನ್ನು ನೀವು ಯಾವ ಕ್ರಮದಲ್ಲಿ ಇಡುತ್ತೀರಿ? ಉಳಿದವುಗಳನ್ನು ನೋಡಲು ಎಲ್ಲಿಂದ ಆರಂಭಿಸಬೇಕು?

ಉತ್ತರ: ಗುಟ್ಟನ್ನು ಮುಂಚೆಯೇ ಬಿಟ್ಟುಕೊಟ್ಟದ್ದೇಕೆ ಎಂಬ ನಿಮ್ಮ ಸಂದೇಹದಲ್ಲಿಯೇ ಈ ಚಿತ್ರಗಳನ್ನು ಅಳೆಯಲು ಬೇಕಾದ ಅಳತೆಗೋಲು ಇದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ನಡೆಸಿದ ಸುದೀರ್ಘ ಸಂದರ್ಶನದಲ್ಲಿ ಹಿಚ್‌ಕಾಕ್ ಒಂದು ಉದಾಹರಣೆ ಕೊಟ್ಟರು. ಇಬ್ಬರು ಮೇಜಿನ ಮುಂದೆ ಕುಳಿತು ಏನೋ ಹರಟುತ್ತಿದ್ದಾರೆ. ಮೇಜಿನ ಕೆಳಗಿದ್ದ ಬಾಂಬು ಏಕಾಏಕಿ ಸಿಡಿದರೆ ಪ್ರೇಕ್ಷಕರು ಹದಿನೈದು ಸೆಕೆಂಡು ಬೆಚ್ಚುತ್ತಾರೆ, ಅಷ್ಟೆ. ಅದೇ ಬಾಂಬು ಅಲ್ಲಿದೆಯೆಂದೂ ಒಂದು ಗಂಟೆಗೆ ಸಿಡಿಯಲಿದೆಯೆಂದೂ ಮೊದಲೇ ತಿಳಿಸಿ, ಒಂದಾಗಲು ಕಾಲು ಗಂಟೆಯಿದೆ ಎಂದು ತೋರಿಸುವ ಗಡಿಯಾರವನ್ನು ಗೋಡೆಯ ಮೇಲೆ ತೂಗುಹಾಕಿದರೆ, ಅದೇ ನೀರಸ ಹರಟೆ ಹದಿನೈದು ನಿಮಿಷಗಳ ಸಸ್ಪೆನ್ಸ್ ಆಗುತ್ತದೆ. ಅವರ ದೃಷ್ಟಿಯಲ್ಲಿ ಪ್ರೇಕ್ಷಕರಿಂದ ಏನನ್ನೋ ಬಚ್ಚಿಡುವುದು ಸುಲಭದ ಕೆಲಸ. ಪಾತ್ರಕ್ಕೆ ತಿಳಿಯದ್ದನ್ನು ಪ್ರೇಕ್ಷಕರಿಗೆ ತಿಳಿಸಿ, ಆ ತಿಳಿವಳಿಕೆಯ ಭಾರವನ್ನು ಅವರೇ ಹೊರುವಂತೆ ಮಾಡುವುದು ಕಷ್ಟದ ಕೆಲಸ.

ಹಾಗಾಗಿ ನನ್ನ ಅಳತೆ ಇದು: ಕಥೆ ಪೂರ್ತಿ ತಿಳಿದ ಮೇಲೆ ಎರಡನೆಯ ಬಾರಿ ನೋಡಿದಾಗ ಚಿತ್ರದ ಬಿಗಿ ಸಡಿಲವಾಗುತ್ತದೆಯೋ ಇನ್ನಷ್ಟು ಹೆಚ್ಚುತ್ತದೆಯೋ? ಹಿಚ್‌ಕಾಕ್ 1925ರಿಂದ 1976ರವರೆಗೆ ಐವತ್ತಕ್ಕೂ ಹೆಚ್ಚು ಚಿತ್ರಗಳನ್ನು ನಿರ್ದೇಶಿಸಿದರು. ಅವುಗಳಲ್ಲಿ ಜನಪ್ರಿಯವಾದ ಕೆಲವು ಈ ಪರೀಕ್ಷೆಯಲ್ಲಿ ಕೆಳಗಿಳಿಯುತ್ತವೆ, ಅಷ್ಟಾಗಿ ಹೆಸರು ಕೇಳಿರದ ಕೆಲವು ಮೇಲೇರುತ್ತವೆ. ಕಾರಣ ಹೇಳಲು ಕಥೆಯ ವಿವರಗಳಿಗೆ ಕೈಹಾಕಲೇಬೇಕು. ಗುಟ್ಟು ತಿಳಿಯದೆಯೇ ನೋಡಬಯಸುವವರು ಚಿತ್ರಗಳ ಹೆಸರನ್ನಷ್ಟೇ ಗುರುತು ಹಾಕಿಕೊಂಡು ಮುಂದೆ ಸಾಗಬಹುದು.

ಮೊದಲ ಸ್ಥಾನವನ್ನು ನಾನು 1946ರ 'ನಟೋರಿಯಸ್'ಗೆ ಕೊಡುತ್ತೇನೆ. ದೇಶದ್ರೋಹಕ್ಕಾಗಿ ಅಮೆರಿಕದಲ್ಲಿ ಶಿಕ್ಷೆಗೊಳಗಾದ ಜರ್ಮನ್ ಗೂಢಚಾರನ ಮಗಳು ಅಲಿಸಿಯಾಳ ಪಾತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್, ಅವಳನ್ನು ಸರ್ಕಾರದ ಕೆಲಸಕ್ಕೆ ಒಪ್ಪಿಸುವ ಅಧಿಕಾರಿ ಡೆವ್ಲಿನ್ ಪಾತ್ರದಲ್ಲಿ ಕ್ಯಾರಿ ಗ್ರಾಂಟ್ ಇದ್ದಾರೆ. ಇಬ್ಬರೂ ರಿಯೋ ಡಿ ಜನೈರೋಗೆ ಹೋಗುತ್ತಾರೆ, ಪರಸ್ಪರ ಪ್ರೀತಿಸತೊಡಗುತ್ತಾರೆ. ಆಮೇಲಷ್ಟೇ ಅವಳಿಗೆ ವಹಿಸಿರುವ ಕೆಲಸ ಏನೆಂಬುದು ತಿಳಿಯುತ್ತದೆ: ಅಲ್ಲಿ ನೆಲೆಸಿರುವ ನಾಜಿ ಗುಂಪಿನ ಸೆಬಾಸ್ಟಿಯನ್ ಎಂಬುವನು ಒಂದು ಕಾಲದಲ್ಲಿ ಅವಳನ್ನು ಮೆಚ್ಚಿದ್ದವನು, ಅವನಿಗೆ ಹತ್ತಿರವಾಗಿ ಮನೆಯೊಳಗಿನ ಸುದ್ದಿಯನ್ನು ಹೊರಗೆ ತರಬೇಕು. 'ಬೇಡ' ಎಂದು ಡೆವ್ಲಿನ್ ಹೇಳಲಿ ಎಂದು ಅವಳು ಕಾಯುತ್ತಾಳೆ. ಅವಳೇ ನಿರಾಕರಿಸಲಿ ಎಂದು ಅವನು ಕಾಯುತ್ತಾನೆ. ಇಬ್ಬರೂ ಬಾಯಿ ಬಿಡುವುದಿಲ್ಲ, ಅವಳು ಸೆಬಾಸ್ಟಿಯನ್‌ನನ್ನು ಮದುವೆಯಾಗುತ್ತಾಳೆ. ಗೂಢಚರ್ಯೆಯ ಕಥೆಯೂ ಪ್ರೇಮದ ಕಥೆಯೂ ಇಲ್ಲಿ ಒಂದೇ ಎಳೆಯಿಂದ ನೇಯ್ದವು. ಯಾರು ಯಾರಿಂದ ಏನನ್ನು ಮುಚ್ಚಿಟ್ಟಿದ್ದಾರೆ ಎಂಬುದೇ ಎರಡರ ಆತಂಕಕ್ಕೂ ಮೂಲ, ಮತ್ತು ಅದೆಲ್ಲವೂ ನಮಗೆ ಮಾತ್ರ ಗೊತ್ತಿರುತ್ತದೆ.

ಔತಣಕೂಟದ ದೃಶ್ಯವನ್ನು ಗಮನವಿಟ್ಟು ನೋಡಿ. ಕ್ಯಾಮೆರಾ ಮಹಡಿಯ ಎತ್ತರದಿಂದ ಇಡೀ ಹಜಾರವನ್ನೂ ಅಲ್ಲಿ ನೆರೆದ ಅತಿಥಿಗಳನ್ನೂ ತೋರಿಸುತ್ತಾ, ಎಲ್ಲಿಯೂ ಕತ್ತರಿಸದೆ ಕೆಳಗಿಳಿದು, ಅಲಿಸಿಯಾಳ ಮುಷ್ಟಿಯಲ್ಲಿರುವ ಪುಟ್ಟ ಬೀಗದ ಕೈಯ ಮೇಲೆ ಬಂದು ನಿಲ್ಲುತ್ತದೆ. ಅದು ಗಂಡನ ಗೊಂಚಲಿನಿಂದ ಕದ್ದ, ವೈನ್ ಇಟ್ಟಿರುವ ನೆಲಮಾಳಿಗೆಯ ಬೀಗದ ಕೈ. ಅಷ್ಟು ಜನರ ಸಂಭ್ರಮದ ನಡುವೆ ನಿಜವಾಗಿ ನಡೆಯುತ್ತಿರುವುದು ಆ ಮುಷ್ಟಿಯೊಳಗೆ ಎಂಬುದನ್ನು ಆ ಒಂದೇ ಶಾಟ್ ಹೇಳಿಬಿಡುತ್ತದೆ, ಒಂದು ಮಾತಿನ ಅಗತ್ಯವೂ ಬೀಳುವುದಿಲ್ಲ. ಅಲ್ಲಿಂದ ಮುಂದೆ ಹಿಚ್‌ಕಾಕ್ ನಮಗೆ ತೋರಿಸುವುದು ಮಂಜುಗಡ್ಡೆಯಲ್ಲಿಟ್ಟ ಷಾಂಪೇನ್ ಬಾಟಲಿಗಳು ಒಂದೊಂದಾಗಿ ಖಾಲಿಯಾಗುವುದನ್ನು. ಅವು ಮುಗಿದರೆ ಸೆಬಾಸ್ಟಿಯನ್ ನೆಲಮಾಳಿಗೆಗೆ ಇಳಿಯಬೇಕಾಗುತ್ತದೆ, ಬೀಗದ ಕೈ ಇಲ್ಲದಿರುವುದು ಆಗ ತಿಳಿಯುತ್ತದೆ. ಮೇಜಿನ ಕೆಳಗಿನ ಬಾಂಬಿನ ಪಾಠವನ್ನು ಇಷ್ಟು ನಾಜೂಕಾಗಿ ಪ್ರಯೋಗಿಸಿದ ದೃಶ್ಯ ಅವರ ಬೇರೆ ಯಾವ ಚಿತ್ರದಲ್ಲಿಯೂ ಇಲ್ಲ. ನೆಲಮಾಳಿಗೆಯ ಬಾಟಲಿಯಲ್ಲಿ ಬಚ್ಚಿಟ್ಟಿರುವುದು ಯುರೇನಿಯಂ ಅದಿರು. ಆದರೆ ಅದು ನೆಪಮಾತ್ರ ಎಂದು ಹಿಚ್‌ಕಾಕ್ ಸ್ವತಃ ಹೇಳುತ್ತಿದ್ದರು, ಎರಡನೆಯ ಬಾರಿ ನೋಡುವಾಗ ನಮಗೂ ಅದರ ನೆನಪೇ ಇರುವುದಿಲ್ಲ.

ಕೊನೆಯ ಮೆಟ್ಟಿಲಿಳಿಯುವ ದೃಶ್ಯಕ್ಕಾಗಿಯೇ ಈ ಚಿತ್ರಕ್ಕೆ ಮೊದಲ ಸ್ಥಾನ ಸಲ್ಲಬೇಕು. ಕಾಫಿಯಲ್ಲಿ ಸ್ವಲ್ಪಸ್ವಲ್ಪವೇ ವಿಷ ಉಂಡು ಬಲಹೀನಳಾದ ಅಲಿಸಿಯಾಳನ್ನು ಡೆವ್ಲಿನ್ ಮಹಡಿಯಿಂದ ಕೆಳಗೆ ನಡೆಸಿಕೊಂಡು ಬರುತ್ತಾನೆ. ಪಕ್ಕದಲ್ಲಿ ಸೆಬಾಸ್ಟಿಯನ್ ಮತ್ತು ಅವನ ತಾಯಿ. ಕೆಳಗೆ ನಿಂತು ನೋಡುತ್ತಿರುವ ಅವನ ಸಂಗಡಿಗರು. ತಾನು ಅಮೆರಿಕದ ಗೂಢಚಾರಿಣಿಯನ್ನು ಮದುವೆಯಾಗಿದ್ದೇನೆ ಎಂದು ಗೊತ್ತಾದರೆ ಅವರು ತನ್ನನ್ನು ಉಳಿಸುವುದಿಲ್ಲ ಎಂಬ ಭಯದಿಂದ ಸೆಬಾಸ್ಟಿಯನ್ ಡೆವ್ಲಿನ್‌ನನ್ನು ತಡೆಯಲಾರ. ಗುಂಡು ಹಾರುವುದಿಲ್ಲ, ಯಾರೂ ಓಡುವುದಿಲ್ಲ. ನಾಲ್ಕು ಜನ ಮೆಟ್ಟಿಲಿಳಿಯುವುದಷ್ಟೇ ಇಲ್ಲಿನ ಘಟನೆ, ಉಸಿರು ಬಿಗಿಹಿಡಿಯಲು ಅದೇ ಸಾಕು. ಕ್ಲಾಡ್ ರೇನ್ಸ್ ಅವರ ಅಭಿನಯದಿಂದಾಗಿ ಆ ಘಳಿಗೆಯಲ್ಲಿ ಖಳನ ಬಗ್ಗೆಯೂ ಮರುಕ ಹುಟ್ಟುತ್ತದೆ. ಅವನೊಬ್ಬನೇ ಈ ಚಿತ್ರದಲ್ಲಿ ತನ್ನ ಪ್ರೀತಿಯನ್ನು ಯಾರಿಂದಲೂ ಮುಚ್ಚಿಡದವನು. ಬೆನ್ ಹೆಕ್ಟ್ ಬರೆದ ಚಿತ್ರಕಥೆಯಲ್ಲಿ ಅನಗತ್ಯವೆನ್ನಬಹುದಾದ ಒಂದು ದೃಶ್ಯವೂ ನನಗೆ ಕಾಣುವುದಿಲ್ಲ.

ಎರಡನೆಯದು 'ವರ್ಟಿಗೋ'. ನಿಮಗೆ ನಿಧಾನವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1958ರಲ್ಲಿ ಬಿಡುಗಡೆಯಾದಾಗ ಬಂದ ವಿಮರ್ಶೆಗಳೂ ಮಿಶ್ರವಾಗಿದ್ದವು. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲಿ ಅದು 'ಸಿಟಿಜನ್ ಕೇನ್' ಚಿತ್ರವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದದ್ದು 2012ರಲ್ಲಿ. 2022ರ ಮತದಾನದಲ್ಲಿ ಅದು ಎರಡನೆಯದಾಯಿತು. ಎತ್ತರದ ಭಯದಿಂದ ಪೊಲೀಸ್ ಕೆಲಸ ಬಿಟ್ಟ ಸ್ಕಾಟಿ, ಸ್ನೇಹಿತನ ಹೆಂಡತಿ ಮ್ಯಾಡಲೀನ್‌ಳನ್ನು ಹಿಂಬಾಲಿಸುತ್ತಾ ಸ್ಯಾನ್‌ ಫ್ರಾನ್ಸಿಸ್ಕೋದ ಏರುತಗ್ಗಿನ ಬೀದಿಗಳಲ್ಲಿ ಕಾರು ಓಡಿಸುವ ಮೊದಲ ಭಾಗದಲ್ಲಿ ಮಾತು ಬಹಳ ಕಡಿಮೆ. ಬರ್ನಾರ್ಡ್ ಹರ್ಮನ್ ಅವರ ಸಂಗೀತವೇ ಅಲ್ಲಿ ಕಥೆಯನ್ನು ಮುನ್ನಡೆಸುತ್ತದೆ.

ನೀವು ಕೇಳಿದ ಗುಟ್ಟಿನ ವಿಷಯಕ್ಕೆ ಬರೋಣ. ಮ್ಯಾಡಲೀನ್ ಗೋಪುರದಿಂದ ಬಿದ್ದು ಸತ್ತಳೆಂದು ನಂಬಿ ಕುಗ್ಗಿಹೋದ ಸ್ಕಾಟಿಗೆ ಅವಳನ್ನೇ ಹೋಲುವ ಜೂಡಿ ಎದುರಾಗುತ್ತಾಳೆ. ಚಿತ್ರಕ್ಕೆ ಆಧಾರವಾದ ಬ್ವಾಲೋ ಮತ್ತು ನಾರ್ಸೆಜಾಕ್ ಅವರ ಫ್ರೆಂಚ್ ಕಾದಂಬರಿಯಲ್ಲಿ ಇಬ್ಬರೂ ಒಬ್ಬಳೇ ಎಂಬುದು ಕೊನೆಯಲ್ಲಿ ಬಯಲಾಗುತ್ತದೆ. ಹಿಚ್‌ಕಾಕ್ ಅದನ್ನು ಜೂಡಿ ಬರೆದು ಹರಿದುಹಾಕುವ ಪತ್ರದ ಮೂಲಕ, ಚಿತ್ರ ಇನ್ನೂ ಬಹಳಷ್ಟು ಉಳಿದಿರುವಾಗಲೇ ನಮಗೆ ತಿಳಿಸಿಬಿಟ್ಟರು. ಆ ದೃಶ್ಯವನ್ನು ಉಳಿಸಬೇಕೋ ಬಿಡಬೇಕೋ ಎಂದು ಬಿಡುಗಡೆಗೆ ಮುನ್ನ ಜಿಜ್ಞಾಸೆಯೂ ನಡೆದಿತ್ತು. ಅದು ಇಲ್ಲದಿದ್ದರೆ, 'ಇವಳು ಯಾರು?' ಎಂಬ ಒಂದೇ ಕುತೂಹಲದಲ್ಲಿ ನಾವು ಕೊನೆಯವರೆಗೂ ಸ್ಕಾಟಿಯ ಬೆನ್ನ ಹಿಂದೆಯೇ ಇರುತ್ತಿದ್ದೆವು. ಪತ್ರದ ನಂತರ ನಮ್ಮ ನೋಟ ಜೂಡಿಯ ಕಡೆಗೆ ತಿರುಗುತ್ತದೆ. ಅವಳ ಬಟ್ಟೆ, ಚಪ್ಪಲಿ, ಕೂದಲಿನ ಬಣ್ಣ, ತುರುಬು ಎಲ್ಲವನ್ನೂ ಸತ್ತವಳಂತೆ ಬದಲಿಸಲು ಸ್ಕಾಟಿ ಹಟ ಹಿಡಿಯುವಾಗ, ತಾನು ಯಾರೆಂದು ಹೇಳಲಾಗದೆ, ತನ್ನನ್ನು ತಾನಾಗಿಯೇ ಪ್ರೀತಿಸಲೆಂದು ಬೇಡುತ್ತಾ ಅವಳು ಒಂದೊಂದಕ್ಕೇ ಒಪ್ಪುತ್ತಾ ಹೋಗುವುದನ್ನು ನಾವು ಸಂಪೂರ್ಣ ತಿಳಿವಳಿಕೆಯಿಂದ ನೋಡುತ್ತೇವೆ. ಹೋಟೆಲಿನ ಹಸಿರು ನಿಯಾನ್ ಬೆಳಕಿನಲ್ಲಿ ಅವಳು ಮ್ಯಾಡಲೀನ್ ಆಗಿ ಹೊರಬರುವ ದೃಶ್ಯ ಅವನಿಗೆ ಸಂತೋಷದ್ದು, ಅವಳಿಗೆ ಸೋಲಿನದು. ಎರಡನ್ನೂ ಒಟ್ಟಿಗೆ ಅನುಭವಿಸಲು ನಮಗೆ ಸಾಧ್ಯವಾಗುವುದು ಆ ಪತ್ರದಿಂದ. ಎರಡನೆಯ ಬಾರಿ ನೋಡಿದರೆ ನಿಮಗೆ ನಿಧಾನವೆನಿಸಿದ ಮೊದಲ ಭಾಗವೂ ಬೇರೆಯಾಗಿ ಕಾಣುತ್ತದೆ, ಏಕೆಂದರೆ ಕಿಮ್ ನೊವಾಕ್ ಅಲ್ಲಿ ಅಭಿನಯಿಸುತ್ತಿರುವುದು ಅಭಿನಯಿಸುತ್ತಿರುವ ಹೆಣ್ಣನ್ನು.

ತಲೆಸುತ್ತನ್ನು ತೋರಿಸಲು ಅವರು ಕಂಡುಕೊಂಡ ತಂತ್ರ, ಅಂದರೆ ಕ್ಯಾಮೆರಾ ಹಿಂದಕ್ಕೆ ಸರಿಯುತ್ತಿರುವಾಗಲೇ ಲೆನ್ಸನ್ನು ಮುಂದಕ್ಕೆ ಝೂಮ್ ಮಾಡುವುದು, ಈಗ ಎಲ್ಲ ದೇಶಗಳ ಚಿತ್ರಗಳಲ್ಲಿಯೂ ಬಳಕೆಯಲ್ಲಿದೆ. ಗೋಪುರದ ಮೆಟ್ಟಿಲುಗಳ ಮಾದರಿಯನ್ನು ಅಡ್ಡಲಾಗಿ ಮಲಗಿಸಿ ಆ ಶಾಟನ್ನು ತೆಗೆದರು. ಇಷ್ಟೆಲ್ಲ ಇದ್ದೂ ಇದನ್ನು ಎರಡನೆಯ ಸ್ಥಾನದಲ್ಲಿಡಲು ಕಾರಣವಿದೆ. ಸ್ಕಾಟಿ ಗೋಪುರದ ತುದಿಯವರೆಗೆ ಹತ್ತಲಾರ ಎಂಬ ಒಂದೇ ಲೆಕ್ಕಾಚಾರದ ಮೇಲೆ, ತನ್ನ ನಿಜವಾದ ಹೆಂಡತಿಯನ್ನು ಕೊಲ್ಲಲು ಸ್ನೇಹಿತ ಹೂಡಿದ ಇಡೀ ಸಂಚು ನಿಂತಿದೆ. ಆರಂಭದಲ್ಲಿ ಮಾಳಿಗೆಯ ಅಂಚಿಗೆ ನೇತಾಡುತ್ತಿದ್ದ ಅವನು ಹೇಗೆ ಪಾರಾದ ಎಂಬುದನ್ನೂ ಚಿತ್ರ ಹೇಳುವುದಿಲ್ಲ. ಇದೊಂದು ಕನಸಿನ ತರ್ಕ ಎಂದು ಅಭಿಮಾನಿಗಳು ಸಮರ್ಥಿಸುತ್ತಾರೆ, ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ 'ನಟೋರಿಯಸ್'ಗೆ ಇಂತಹ ಸಮರ್ಥನೆಯ ಅಗತ್ಯವೇ ಬೀಳುವುದಿಲ್ಲ.

ಮೂರನೆಯ ಸ್ಥಾನ 1954ರ 'ರಿಯರ್ ವಿಂಡೋ'ಗೆ. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಗ್ರಾಹಕ ಜೆಫ್, ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತಾ ಕಾಲ ಕಳೆಯುವಾಗ, ಅಲ್ಲೊಬ್ಬ ತನ್ನ ಹೆಂಡತಿಯನ್ನು ಕೊಂದಿರಬಹುದೆಂದು ಅನುಮಾನಿಸುತ್ತಾನೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ ಆ ವಠಾರವನ್ನು, ಅದರ 31 ಮನೆಗಳ ಸಮೇತ, ಹಾಲಿವುಡ್‌ನ ಪ್ಯಾರಾಮೌಂಟ್ ಸ್ಟುಡಿಯೋದೊಳಗೆ ಕಟ್ಟಿದ್ದರು. ಕ್ಯಾಮೆರಾ ಹೆಚ್ಚುಕಡಿಮೆ ಇಡೀ ಚಿತ್ರದಲ್ಲಿ ಜೆಫ್‌ನ ಕೋಣೆ ಬಿಟ್ಟು ಹೋಗುವುದಿಲ್ಲ. ಅವನು ನೋಡುತ್ತಾನೆ, ಅವನು ಕಂಡದ್ದನ್ನು ನಾವು ಕಾಣುತ್ತೇವೆ, ಮತ್ತೆ ಅವನ ಮುಖವನ್ನು ನೋಡುತ್ತೇವೆ. ಚಿತ್ರಕ್ಕೆ ಬೇಕಾದ ವ್ಯಾಕರಣವೆಲ್ಲ ಇಷ್ಟೇ. ಆದರೆ ಒಂದೆಡೆ ಹಿಚ್‌ಕಾಕ್ ಈ ನಿಯಮವನ್ನು ಮುರಿಯುತ್ತಾರೆ. ಜೆಫ್ ನಿದ್ದೆಹೋಗಿರುವಾಗ ಎದುರು ಮನೆಯವನು ಒಬ್ಬ ಹೆಂಗಸಿನೊಂದಿಗೆ ಹೊರಗೆ ಹೋಗುವುದನ್ನು ನಮಗೆ ಮಾತ್ರ ತೋರಿಸುತ್ತಾರೆ. ಅಲ್ಲಿಂದ ಮುಂದೆ ಜೆಫ್‌ನ ಅನುಮಾನವನ್ನು ನಂಬಬೇಕೇ ಬೇಡವೇ ಎಂಬ ತೂಗಾಟ ನಮ್ಮದಾಗುತ್ತದೆ. ಕೊಲೆ ನಡೆದಿರಲಿ ಎಂದು ಒಳಗೊಳಗೇ ಬಯಸುತ್ತಿರುವವರೂ ನಾವೇ ಎಂಬುದು ಸ್ವಲ್ಪ ತಡವಾಗಿ ಹೊಳೆಯುತ್ತದೆ. ಜೆಫ್‌ನ ಪ್ರೇಯಸಿ, ಗ್ರೇಸ್ ಕೆಲ್ಲಿಯ ಲೀಸಾ ಆ ಮನೆಯೊಳಗೆ ಹೊಕ್ಕು ಸಿಕ್ಕಿಬೀಳುವಾಗ, ದೂರದಿಂದ ನೋಡುವುದಲ್ಲದೆ ಬೇರೇನೂ ಮಾಡಲಾಗದ ಜೆಫ್‌ನ ಅಸಹಾಯಕತೆ ಪೂರ್ತಿಯಾಗಿ ಪ್ರೇಕ್ಷಕರ ಅಸಹಾಯಕತೆಯೇ ಆಗಿದೆ.

'ಸೈಕೋ' ನಾಲ್ಕನೆಯದು. ನಿಮ್ಮನ್ನು ಹಿಡಿದು ಕೂರಿಸಿದ ಚಿತ್ರವನ್ನು ಇಷ್ಟು ಕೆಳಗೆ ಇಟ್ಟದ್ದು ಅದರ ಮಹತ್ವವನ್ನು ಕಡಿಮೆ ಮಾಡಲು ಅಲ್ಲ. 1960ರಲ್ಲಿ ಸುಮಾರು 8 ಲಕ್ಷ ಡಾಲರ್ ವೆಚ್ಚದಲ್ಲಿ, ತಮ್ಮ ಟೆಲಿವಿಷನ್ ಸರಣಿಯ ತಂತ್ರಜ್ಞರನ್ನೇ ಬಹುಮಟ್ಟಿಗೆ ಬಳಸಿಕೊಂಡು, ಕಪ್ಪುಬಿಳುಪಿನಲ್ಲಿ ಮಾಡಿದ ಈ ಚಿತ್ರ ಇಡೀ ಭಯಾನಕ ಚಿತ್ರಪ್ರಕಾರದ ದಿಕ್ಕನ್ನು ಬದಲಿಸಿತು. ಸ್ನಾನದ ಕೋಣೆಯ ಕೊಲೆಗೆ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ಯೋಚಿಸಿದ್ದರು. ತಂತಿವಾದ್ಯಗಳಿಂದಷ್ಟೇ ಹರ್ಮನ್ ರಚಿಸಿದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ಆದರೆ ನನ್ನ ದೃಷ್ಟಿಯಲ್ಲಿ ಚಿತ್ರದ ಅತಿ ದೊಡ್ಡ ಘಳಿಗೆ ಅದಾದ ಮೇಲೆ ಬರುತ್ತದೆ. ಶವವಿರುವ ಕಾರನ್ನು ಮೋಟೆಲ್ ನಡೆಸುವ ನಾರ್ಮನ್ ಜೌಗಿನಲ್ಲಿ ಮುಳುಗಿಸುತ್ತಾನೆ, ಅದು ಅರ್ಧ ಮುಳುಗಿ ನಿಂತುಬಿಡುತ್ತದೆ. ಆ ಕೆಲವು ಕ್ಷಣ ನಮ್ಮ ಎದೆಯೂ ನಿಲ್ಲುತ್ತದೆ. ಕಾರು ಮುಳುಗಲಿ ಎಂದು ನಾವು ಬಯಸುತ್ತೇವೆ. ಇಷ್ಟು ಹೊತ್ತು ಯಾರ ಜೊತೆಗಿದ್ದೆವೋ ಅವಳ ಶವವನ್ನು ಮುಚ್ಚಿಹಾಕುವವನ ಪರವಾಗಿ ನಮ್ಮ ಮನಸ್ಸು ಎಷ್ಟು ಬೇಗ ವಾಲಿತು! ಇಂತಹ ಘಳಿಗೆಗಳು ಎಷ್ಟು ಬಾರಿ ನೋಡಿದರೂ ಸವೆಯುವುದಿಲ್ಲ. ದ್ವಿತೀಯಾರ್ಧದ ಪತ್ತೇದಾರಿ ಭಾಗ ಮಾತ್ರ ಗುಟ್ಟು ತಿಳಿದ ಮೇಲೆ ತೆಳುವಾಗುತ್ತದೆ, ಕೊನೆಯಲ್ಲಿ ಮನೋವೈದ್ಯನ ವಿವರಣೆ ಬೇಕಾದದ್ದಕ್ಕಿಂತ ಬಹಳ ಉದ್ದವಾಗಿದೆ.

ಐದನೆಯದಾದ 'ಶ್ಯಾಡೋ ಆಫ್ ಎ ಡೌಟ್' (1943) ನಮ್ಮಲ್ಲಿ ಹೆಚ್ಚು ಜನ ನೋಡದ ಚಿತ್ರ. ಈ ಪಟ್ಟಿಯಿಂದ ಒಂದನ್ನಾದರೂ ಹೊಸದಾಗಿ ನೋಡುವಿರಾದರೆ ಅದು ಇದಾಗಲಿ ಎಂಬುದು ನನ್ನ ಆಸೆ. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಎಂಬ ಶಾಂತವಾದ ಊರಿನ ಮನೆಯೊಂದಕ್ಕೆ ಅಮ್ಮನ ತಮ್ಮ, ಎಲ್ಲರ ಅಚ್ಚುಮೆಚ್ಚಿನ ಚಾರ್ಲಿ ಮಾವ, ಬರುತ್ತಾನೆ. ಅವನ ಹೆಸರನ್ನೇ ಇಟ್ಟುಕೊಂಡಿರುವ ಅಕ್ಕನ ಮಗಳಿಗೆ ಅವನೆಂದರೆ ಪ್ರಾಣ. ಶ್ರೀಮಂತ ವಿಧವೆಯರನ್ನು ಕೊಂದು ಓಡಿಬಂದವನು ಅವನೇ ಎಂಬುದು ಅವಳಿಗೆ, ಅವಳೊಬ್ಬಳಿಗೇ, ಕ್ರಮೇಣ ತಿಳಿಯುತ್ತದೆ. ಹೇಳಿದರೆ ಅಮ್ಮ ಉಳಿಯುವುದಿಲ್ಲ, ಹೇಳದಿದ್ದರೆ ತಾನು ಉಳಿಯುವುದಿಲ್ಲ. ಕುಟುಂಬದ ಮರ್ಯಾದೆಗಾಗಿ ಬಾಯಿ ಮುಚ್ಚಿಕೊಳ್ಳುವ ಈ ಸಂಕಟ ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದದ್ದಲ್ಲ. ರಾತ್ರಿ ಊಟದ ಮೇಜಿನಲ್ಲಿ ಮಾವನ ಪಾತ್ರದ ಜೋಸೆಫ್ ಕಾಟನ್ ವಿಧವೆಯರ ಬಗ್ಗೆ ತಣ್ಣಗೆ ವಿಷ ಕಾರುತ್ತಾ, ಹತ್ತಿರವಾಗುತ್ತಿರುವ ಕ್ಯಾಮೆರಾದ ಕಡೆಗೆ ಥಟ್ಟನೆ ಮುಖ ತಿರುಗಿಸುವುದು ಹಿಚ್‌ಕಾಕ್ ತೆಗೆದ ಅತ್ಯಂತ ಭಯ ಹುಟ್ಟಿಸುವ ಶಾಟ್‌ಗಳಲ್ಲಿ ಒಂದು, ಮತ್ತು ಅಲ್ಲಿ ರಕ್ತದ ಒಂದು ಹನಿಯೂ ಇಲ್ಲ.

ಉಳಿದ ಐದರ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಆರನೆಯದು 'ನಾರ್ತ್ ಬೈ ನಾರ್ತ್‌ವೆಸ್ಟ್' (1959), ಅವರ ಚಿತ್ರಗಳಲ್ಲಿಯೇ ಅತ್ಯಂತ ಉಲ್ಲಾಸದ್ದು. ನಾಯಕನನ್ನು ಯಾರೆಂದು ತಪ್ಪು ತಿಳಿದು ಬೆನ್ನಟ್ಟುತ್ತಿದ್ದಾರೋ ಆ ವ್ಯಕ್ತಿಯೇ ಅಸ್ತಿತ್ವದಲ್ಲಿಲ್ಲ ಎಂಬುದನ್ನು ಪ್ರೇಕ್ಷಕರಿಗೆ ಬೇಗನೆ ತಿಳಿಸಿಬಿಡುವುದು ಇಲ್ಲಿಯೂ ಅವರ ಹಳೆಯ ನಿಯಮವೇ. ಔಷಧ ಸಿಂಪಡಿಸುವ ವಿಮಾನ ಬಯಲಿನಲ್ಲಿ ಒಂಟಿ ಮನುಷ್ಯನನ್ನು ಅಟ್ಟಿಸಿಕೊಂಡು ಬರುವ ದೃಶ್ಯದಲ್ಲಿ, ಕತ್ತಲಿಲ್ಲ, ಮೂಲೆಗಳಿಲ್ಲ, ವಿಮಾನ ಟ್ಯಾಂಕರಿಗೆ ಬಡಿಯುವವರೆಗೆ ಹಿನ್ನೆಲೆ ಸಂಗೀತವೂ ಇಲ್ಲ. ಏಳನೆಯದು 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್' (1951). ಟೆನಿಸ್ ನೋಡುತ್ತಿರುವ ಎಲ್ಲರ ತಲೆಗಳೂ ಚೆಂಡಿನೊಂದಿಗೆ ಅತ್ತಿತ್ತ ತಿರುಗುತ್ತಿರುವಾಗ ಖಳ ಬ್ರೂನೋನ ತಲೆಯೊಂದೇ ನಮ್ಮತ್ತ ನೆಟ್ಟಿರುವ ಆ ಒಂದು ಚೌಕಟ್ಟು ಸಾಕು ಅದನ್ನು ಇಲ್ಲಿಡಲು. ಎಂಟನೆಯ 'ದಿ ಬರ್ಡ್ಸ್' (1963) ಚಿತ್ರದಲ್ಲಿ ರೂಢಿಯ ಹಿನ್ನೆಲೆ ಸಂಗೀತವೇ ಇಲ್ಲ, ವಿದ್ಯುನ್ಮಾನ ವಾದ್ಯದಿಂದ ಹುಟ್ಟಿಸಿದ ಹಕ್ಕಿಗಳ ಸದ್ದು ಆ ಸ್ಥಾನವನ್ನು ತುಂಬುತ್ತದೆ. ಮಾಳಿಗೆಯ ಕೋಣೆಯ ದಾಳಿಗಾಗಿ ನಟಿ ಟಿಪ್ಪಿ ಹೆಡ್ರನ್ ಮೇಲೆ ದಿನಗಟ್ಟಲೆ ಜೀವಂತ ಹಕ್ಕಿಗಳನ್ನು ಎಸೆಯಲಾಗಿತ್ತು. ನಿರ್ದೇಶಕರ ವರ್ತನೆಯ ಬಗ್ಗೆ ಅವರು 2016ರ ಆತ್ಮಕಥೆಯಲ್ಲಿ ಗಂಭೀರ ಆರೋಪಗಳನ್ನೂ ಮಾಡಿದ್ದಾರೆ. ಆ ದೃಶ್ಯವನ್ನು ನಾನು ಈಗ ಮೊದಲಿನಂತೆ ನೋಡಲಾರೆ, ಅದನ್ನು ಹೇಳದೆ ಆ ಚಿತ್ರವನ್ನು ಶಿಫಾರಸು ಮಾಡುವುದು ಸರಿಯಲ್ಲ. ಒಂಬತ್ತು ಮತ್ತು ಹತ್ತು ಬ್ರಿಟಿಷ್ ಅವಧಿಯ 'ದಿ 39 ಸ್ಟೆಪ್ಸ್' (1935) ಹಾಗೂ 'ದಿ ಲೇಡಿ ವ್ಯಾನಿಶಸ್' (1938). ವೇಗದಲ್ಲಿ ಇಂದಿನ ಚಿತ್ರಗಳಿಗೂ ಅವು ಸಾಟಿ.

'ರೆಬೆಕಾ' ಏಕಿಲ್ಲ ಎಂದು ಕೆಲವರು ಕೇಳಬಹುದು. 1940ರ ಆ ಚಿತ್ರಕ್ಕೆ ಶ್ರೇಷ್ಠ ಚಿತ್ರದ ಆಸ್ಕರ್ ಬಂತು, ಆದರೆ ಆ ಪ್ರಶಸ್ತಿ ಹೋದದ್ದು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್‌ಗೆ. ಐದು ಬಾರಿ ನಾಮನಿರ್ದೇಶನಗೊಂಡರೂ ಶ್ರೇಷ್ಠ ನಿರ್ದೇಶಕ ಆಸ್ಕರ್ ಹಿಚ್‌ಕಾಕ್‌ಗೆ ಎಂದೂ ದೊರೆಯಲಿಲ್ಲ. 'ರೆಬೆಕಾ' ತಮ್ಮ ಶೈಲಿಯ ಚಿತ್ರವಲ್ಲ ಎಂದು ತ್ರುಫೋಗೆ ಅವರೇ ಹೇಳಿದ್ದರು; ಸೊಗಸಾದ ಚಿತ್ರವಾದರೂ ಅವರ ಅಭಿಪ್ರಾಯವನ್ನು ಮೀರಲು ನನಗೆ ಕಾರಣ ಕಾಣುತ್ತಿಲ್ಲ. ಅತಿ ದೀರ್ಘ ಶಾಟ್‌ಗಳಿಂದ ಕಟ್ಟಿದ 'ರೋಪ್' (1948) ಪ್ರಯೋಗವಾಗಿ ಅಭ್ಯಾಸ ಮಾಡಬೇಕಾದದ್ದು. ಆದರೆ ಸಂಕಲನವೇ ಅವರ ದೊಡ್ಡ ಅಸ್ತ್ರವಾಗಿರುವಾಗ ಅದನ್ನು ಬದಿಗಿಟ್ಟ ಚಿತ್ರ ಹತ್ತರೊಳಗೆ ಬರಲಾರದು. 1936ರ 'ಸಬೊಟಾಜ್' ಅನ್ನು ಇಲ್ಲಿ ನೆನೆಯಲೇಬೇಕು. ಅದರಲ್ಲಿ ಬಾಂಬಿರುವ ಪೊಟ್ಟಣವನ್ನು ಅರಿಯದೆ ಹೊತ್ತು ಸಾಗುವ ಹುಡುಗನನ್ನು ಬಹಳ ಹೊತ್ತು ತೋರಿಸಿ, ಕೊನೆಗೆ ಬಸ್ಸಿನಲ್ಲಿ ಬಾಂಬು ಸಿಡಿದು ಅವನು ಸಾಯುವಂತೆ ಮಾಡಿದರು. ಪ್ರೇಕ್ಷಕರು ಸಿಟ್ಟಾದರು, ಹಾಗೆ ಮಾಡಿದ್ದು ತಪ್ಪೆಂದು ಹಿಚ್‌ಕಾಕ್ ಮುಂದೆ ಹಲವು ಬಾರಿ ಹೇಳಿದರು. ತಿಳಿವಳಿಕೆಯ ಭಾರ ಹೊರಿಸಿದ ಮೇಲೆ ಅದನ್ನು ಇಳಿಸುವ ಹೊಣೆಯೂ ನಿರ್ದೇಶಕನದೇ ಎಂಬುದನ್ನು ಅವರು ಕಲಿತದ್ದು ಅಲ್ಲಿ, ಹತ್ತು ವರ್ಷಗಳ ಅನಂತರದ 'ನಟೋರಿಯಸ್'ನ ಮೆಟ್ಟಿಲುಗಳ ದೃಶ್ಯದಲ್ಲಿ ಆ ಕಲಿಕೆ ಫಲಿಸಿದೆ.

ನೀವು ನೋಡುವ ಕ್ರಮ ನನ್ನ ಶ್ರೇಣಿಯ ಕ್ರಮವಾಗಬೇಕಿಲ್ಲ. 'ರಿಯರ್ ವಿಂಡೋ'ದಿಂದ ಆರಂಭಿಸಿ, ಏಕೆಂದರೆ ಹಿಚ್‌ಕಾಕ್ ಚಿತ್ರವನ್ನು ನೋಡುವುದು ಹೇಗೆಂದು ಆ ಚಿತ್ರವೇ ಕಲಿಸುತ್ತದೆ. ಅದನ್ನು ಫೋನಿನಲ್ಲಿ ಮಾತ್ರ ನೋಡಬೇಡಿ. ಎದುರು ಕಿಟಕಿಗಳೊಳಗೆ ನಡೆಯುವ ಸಣ್ಣ ಸಣ್ಣ ಕಥೆಗಳೆಲ್ಲ ಚಿಕ್ಕ ಪರದೆಯಲ್ಲಿ ಕಳೆದುಹೋಗುತ್ತವೆ. ಅದಾದ ಮೇಲೆ 'ಶ್ಯಾಡೋ ಆಫ್ ಎ ಡೌಟ್', ನಂತರ 'ನಟೋರಿಯಸ್'. ಆಮೇಲೆ 'ವರ್ಟಿಗೋ'ವನ್ನು ಮತ್ತೊಮ್ಮೆ ನೋಡಿ. ಹಳೆಯ ಮಾಸಿದ ಪ್ರತಿ ಸಿಕ್ಕರೆ ಬಿಟ್ಟುಬಿಡಿ. ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕ್ಯಾಟ್ಜ್ 1996ರಲ್ಲಿ ಪುನಶ್ಚೇತನಗೊಳಿಸಿದ ಪ್ರತಿಯನ್ನೋ ಅದಕ್ಕಿಂತ ಈಚಿನದನ್ನೋ ಹುಡುಕಿ, ಏಕೆಂದರೆ ಈ ಚಿತ್ರದಲ್ಲಿ ಹಸಿರು, ಕೆಂಪು, ಬೂದು ಬಣ್ಣಗಳೂ ಕಥೆ ಹೇಳುತ್ತವೆ. ಈ ಬಾರಿ ಮೊದಲ ದೃಶ್ಯದಿಂದಲೇ ಸ್ಕಾಟಿಯನ್ನು ಬಿಟ್ಟು ಮ್ಯಾಡಲೀನ್‌ಳ ಮುಖವನ್ನೇ ಗಮನಿಸುತ್ತಾ ಹೋಗಿ. ಆಗಲೂ ನಿಧಾನವೆನಿಸಿದರೆ, ಅದನ್ನು ನಿಮ್ಮ ಪಟ್ಟಿಯಲ್ಲಿ ಕೆಳಗಿಡುವ ಪೂರ್ಣ ಹಕ್ಕು ನಿಮಗಿದೆ.